ತಿರುಗಿ ಹೊರಟಿದ್ದವರು

ಅಕ್ಟೋಬರ್ 3, 2023, ಮಂಗಳವಾರ

ಮತ್ತೆ ಇಡ್ಲಿ ಹಿಟ್ಟು ಉಬ್ಬಿಲ್ಲ. ಹರ್ನ್‌ಡನ್‌ಗೆ ಚಳಿ ಬಂತು ಅಂತ ಅರ್ಥ. ಓವನ್ ಲೈಟ್ ಹಾಕಿ ಒಳಗಿಟ್ಟಿದ್ದೇನೆ. ಟೋಲ್ ರೋಡಿನಲ್ಲಿ ಆಕ್ಸಿಡೆಂಟ್, ಆಫೀಸಿಗೆ ಲೇಟ್. ನಿಧಿಗೆ ಸ್ಕೂಲಿನಲ್ಲಿ ಬ್ಯಾಂಡ್ ಪ್ರ್ಯಾಕ್ಟೀಸ್ ಇದ್ದದ್ದು ಮರೆತೇಹೋಗಿತ್ತು.

ಸಂಜೆ ಮತ್ತೆ ಅದೇ ಮಾತು. ವಾಟ್ಸಾಪ್ ಗ್ರೂಪಿನಲ್ಲಿ ಇನ್ನೊಂದು ಮನೆಯ ಸುದ್ದಿ, ನಮ್ಮ ಕಡೆಯವರದ್ದೇ. ಹಿಂಬಾಗಿಲು ಒಡೆದು ಒಡವೆ ಮಾತ್ರ ಎತ್ತಿಕೊಂಡು ಹೋಗಿದ್ದಾರೆ, ಟಿವಿ ಮುಟ್ಟಿಲ್ಲ. ಶಶಾಂಕ್‌ಗೆ ಗನ್ ಬೇಕಂತೆ. ವೀಸಾದ ಮೇಲಿರುವವರಿಗೆ ಎಂಥ ಗನ್ ಅಂದೆ. ಅದಕ್ಕೂ ದಾರಿ ಹುಡುಕಿಟ್ಟಿದ್ದಾನೆ ಪುಣ್ಯಾತ್ಮ. ಎಚ್-1ಬಿ ಮೇಲಿರುವವರು ಗನ್ ಇಟ್ಟುಕೊಳ್ಳುವಂತಿಲ್ಲ... ಬೇಟೆಯ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು.

ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಹತ್ತು ಸಲ ಕೇಳುವ ಗಂಡ. ಬೇಟೆಯ ಲೈಸೆನ್ಸ್. ನಕ್ಕು ನಕ್ಕು ಸುಸ್ತಾದೆ. ಅವನು ನಗಲಿಲ್ಲ.

ಅಕ್ಟೋಬರ್ 15, ಭಾನುವಾರ

ಲೈಸೆನ್ಸ್ ಬಂದಿದೆ. ಆನ್‌ಲೈನ್ ಕೋರ್ಸ್, ಟೆಸ್ಟ್, ಪಾಸ್. ಜಿಂಕೆಯ ಯಾವ ಭಾಗಕ್ಕೆ ಗುರಿ ಇಡಬೇಕು ಅನ್ನುವುದು ಈಗ ನಮ್ಮ ಮನೆಯ ಪುಳಿಯೋಗರೆ ಭಕ್ತನಿಗೆ ಬಾಯಿಪಾಠ.

ನಿನ್ನೆ ಸೇಫ್ಟಿ ಕ್ಲಾಸಿಗೆ ನನ್ನನ್ನೂ ಎಳೆದುಕೊಂಡು ಹೋದ. ಹೇಳಿಕೊಡುವವರು ರಿಟೈರ್ಡ್ ಪೊಲೀಸ್. ಗುರಿಗಿಂತ ಕಾನೂನೇ ಜಾಸ್ತಿ ಹೇಳಿದರು. ಒಡವೆಗೋಸ್ಕರ ಯಾರ ಮೇಲೂ ಹಾರಿಸುವಂತಿಲ್ಲ. ಪ್ರಾಣಕ್ಕೆ ಅಪಾಯ ಇರಬೇಕು, ಅದೂ ಆ ಕ್ಷಣದ ಅಪಾಯ. ಬರೀ ಅನುಮಾನ ಸಾಲದು. ಬಾಗಿಲು ಒಡೆದು ಒಳಗೆ ನುಗ್ಗುವವನ ಮಾತು ಬೇರೆ, ಹೊರಗಿನಿಂದಲೇ ಹೊರಟುಹೋಗುತ್ತಿರುವವನ ಮಾತು ಬೇರೆ. ಅವನ ಹಿಂದೆ ಹೋದರೆ ತಪ್ಪಿತಸ್ಥರು ನೀವೇ. ಹಾರಿಸಬೇಕಾಗಿಯೂ ಇಲ್ಲ, ಗುರಿ ಇಟ್ಟು ಹೆದರಿಸಿದರೂ ಕೇಸು. ಬಾಗಿಲು ಹಾಕಿಕೊಂಡು 911 ಮಾಡಿ, ಪೊಲೀಸರು ಬರುತ್ತಾರೆ ಅಂದರು.

ಶಶಾಂಕ್ ಎಲ್ಲ ನೋಟ್ಸ್ ಮಾಡಿಕೊಂಡ. ಮೊದಲಿನಿಂದಲೂ ಒಳ್ಳೇ ಸ್ಟೂಡೆಂಟ್.

ನವೆಂಬರ್ 11, ಶನಿವಾರ

ನಾಳೆ ಲಕ್ಷ್ಮೀಪೂಜೆ. ಬ್ಯಾಂಕ್ ಲಾಕರಿನಿಂದ ಒಡವೆ ತಂದೆ. ಬೆಳಿಗ್ಗೆ ಲ್ಯಾನ್‌ಹ್ಯಾಮ್ ದೇವಸ್ಥಾನ, ಸಂಜೆ ಮನೆಯಲ್ಲಿ ಪೂಜೆ.

ಡೋರ್‌ಬೆಲ್ ಕ್ಯಾಮೆರಾದ ಬ್ಯಾಟರಿ ಸತ್ತು ವಾರವಾಯಿತು. ಚಾರ್ಜ್ ಮಾಡು ಅಂತ ಹೇಳಿ ಹೇಳಿ ನನ್ನ ಬ್ಯಾಟರಿಯೂ ಮುಗಿಯಿತು. ಹೋದ ತಿಂಗಳು ಕೊಂಡ ಗನ್ ಮಾತ್ರ ತಪ್ಪದೆ ಒರೆಸಿಡುತ್ತಾನೆ.

ನವೆಂಬರ್ 13, ಸೋಮವಾರ, ಬೆಳಿಗ್ಗೆ

ರಜೆ ಹಾಕಿದ್ದೇನೆ. ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕು.

ನಿನ್ನೆ ಸಂಜೆ ಪೂಜೆ ಮುಗಿದಿತ್ತು. ಕತ್ತಲಾಗಿತ್ತು. ಈಗ ಐದಕ್ಕೇ ಕತ್ತಲು. ಮುಂಬಾಗಿಲ ಕೀಪ್ಯಾಡ್ ಬೀಪ್ ಅಂದಿತು. ತಪ್ಪು ಕೋಡ್. ಮತ್ತೆ ಬೀಪ್. ನಾವು ಮೂವರೂ ಒಳಗೇ ಇದ್ದೆವು. ಹ್ಯಾಂಡಲ್ ಒಂದು ಸಲ ಅಲ್ಲಾಡಿತು. ಶಶಾಂಕ್ ಮೇಲೆ ಓಡಿ ಗನ್ ತಂದ. ನಾನು ಪಕ್ಕದ ಕಿಟಕಿಯಿಂದ ನೋಡಿದೆ. ಕಪ್ಪು ಜಾಕೆಟ್. ಮುಖವೆಲ್ಲ ಮುಚ್ಚಿದೆ, ಕಣ್ಣು ಮೂಗು ಮಾತ್ರ ಕಾಣುತ್ತದೆ.

ಆಮೇಲೆ ಅವನು ಮನೆಯ ನಂಬರ್ ನೋಡಿದ. ತಲೆ ಆಡಿಸಿದ. ತಿರುಗಿ ಮೆಟ್ಟಿಲು ಇಳಿಯತೊಡಗಿದ.

"ಹೋಗ್ತಿದಾನೆ ಶಶಾಂಕ್, ಬಿಡು. ಬಾಗಿಲು ತೆಗೀಬೇಡ" ಅಂದೆ. ಜೋರಾಗಿಯೇ ಅಂದೆ.

ತೆಗೆದ. ಹೊರಗೆ ಹೋದ. ಅಷ್ಟರಲ್ಲಿ ಆ ಮನುಷ್ಯ ಮೆಟ್ಟಿಲ ಮೇಲೆ ನಮ್ಮ ಕಡೆ ತಿರುಗಿದ್ದ. ಶಶಾಂಕ್ ಎರಡೂ ಕೈಯಲ್ಲಿ ಗನ್ ಹಿಡಿದು ಇಂಗ್ಲಿಷಿನಲ್ಲಿ ಕಿರುಚಿದ. ಕೈ ಮೇಲೆತ್ತು, ನೆಲದ ಮೇಲೆ ಮಲಗು. ಆತ ಕೈ ಎತ್ತಿದ, ಹಿಂದಕ್ಕೆ ಹೆಜ್ಜೆ ಇಟ್ಟ, ಉರುಳಿದ. ಟೋಪಿ ಕಳಚಿತು. ಬಿಳಿ ಕೂದಲು. ಹಣೆಯಲ್ಲಿ ವಿಭೂತಿ.

ಮಂಕಿ ಕ್ಯಾಪ್. ಕಂದು ಉಣ್ಣೆಯದು. ಮೈಸೂರಿನಲ್ಲಿ ಚಳಿ ಬಂದರೆ ಹಾಲಿಗೆ ಹೊರಟ ಗಂಡಸರೆಲ್ಲರ ತಲೆಯ ಮೇಲೂ ಇದೇ. ಶಶಾಂಕನ ಅಪ್ಪ ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು. ಅವನಿಗೂ ಗುರುತು ಸಿಗಲಿಲ್ಲ, ನನಗೂ ಸಿಗಲಿಲ್ಲ.

ಹಿಂದಿನ ಸಾಲಿನ ಮನೆಯ ರಮೇಶನ ತಂದೆಯಂತೆ. ಶಿವಶರಣಪ್ಪ. ರಮೇಶ ಹೋದ ತಿಂಗಳು ಷಾರ್ಲೆಟ್‌ನಿಂದ ಇಲ್ಲಿಗೆ ಮನೆ ಬದಲಾಯಿಸಿ ಬಂದವನು, ಮೇಲ್‌ಬಾಕ್ಸ್ ಹತ್ತಿರ ಒಂದು ಸಲ ನಕ್ಕಿದ್ದೆವು. ತಂದೆ ವಾಕಿಂಗ್ ಮುಗಿಸಿ ಬರುವಾಗ ಸಾಲು ತಪ್ಪಿದ್ದಾರೆ. ಇಲ್ಲಿ ಎಲ್ಲ ಸಾಲೂ ಒಂದೇ ಥರ, ಮೊದಲ ತಿಂಗಳು ನಾನೂ ತಪ್ಪಿದ್ದೆ. ಮಣಿಕಟ್ಟು ಮುರಿದಿದೆ.

ಎದುರು ಮನೆಯಾಕೆ 911 ಮಾಡಿದ್ದಳು. ಅವಳ ಕ್ಯಾಮೆರಾದಲ್ಲಿ ಶಶಾಂಕ್ ಹೊರಗೆ ಬಂದ ಮೇಲಿನದ್ದು ಮಾತ್ರ ಇದೆ. ಬಾಗಿಲು ಮುರಿಯಲು ನೋಡುತ್ತಿದ್ದ, ಹ್ಯಾಂಡಲ್ ಅಲ್ಲಾಡುತ್ತಿರುವಾಗಲೇ ತೆಗೆದೆ ಅಂತ ಶಶಾಂಕ್ ಪೊಲೀಸರಿಗೆ ಹೇಳಿದ. ನನ್ನನ್ನು ಹೆಚ್ಚು ಕೇಳಲಿಲ್ಲ. ನಿಧಿ ಸ್ಟೇರ್ಸ್ ಮೇಲೆ ಕೂತು ಅಳುತ್ತಿದ್ದಳು, ಅವಳ ಹತ್ತಿರ ಇದ್ದೆ.

ನವೆಂಬರ್ 16, ಗುರುವಾರ

ಕೇಸಾಗಿದೆ. ಕಾರಣವಿಲ್ಲದೆ ಗನ್ ತೋರಿಸಿ ಹೆದರಿಸಿದ್ದು. ನಮಗೀಗ ಇಬ್ಬರು ಲಾಯರು.

ಇಮಿಗ್ರೇಷನ್ ಲಾಯರು ಫೋನಿನಲ್ಲಿ ಸುತ್ತುಬಳಸಲಿಲ್ಲ. ಗನ್ ವಿಷಯದಲ್ಲಿ ತಪ್ಪಿತಸ್ಥ ಅಂತಾದರೆ ಗ್ರೀನ್ ಕಾರ್ಡಿನ ಅರ್ಜಿ ಹೋಗುವುದಷ್ಟೇ ಅಲ್ಲ, ದೇಶ ಬಿಡಿಸಬಹುದು. ಮಗಳು ಇಲ್ಲೇ ಹುಟ್ಟಿದವಳು, ಅವಳಿಗೇನೂ ತೊಂದರೆಯಿಲ್ಲ ಅಂತ ಸಮಾಧಾನ ಬೇರೆ. ಹದಿಮೂರು ವರ್ಷದವಳು, ಇರಲಿ ಒಬ್ಬಳೇ!

ಕೋರ್ಟಿನ ಲಾಯರು ಹೇಳಿದ್ದು: ಎಲ್ಲ ನಿಂತಿರುವುದು ಒಂದೇ ವಿಷಯದ ಮೇಲೆ. ಬಾಗಿಲು ತೆಗೆದಾಗ ಆತ ಒಳಗೆ ಬರಲು ನೋಡುತ್ತಿದ್ದರೋ, ಹೊರಟಿದ್ದರೋ. ಗಂಡನ ವಿರುದ್ಧ ಸಾಕ್ಷಿ ಹೇಳಿ ಅಂತ ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಅವನ ಪರವಾಗಿ ಹೇಳಿದರೆ ಬಹಳ ಅನುಕೂಲ. ಏನು ನೋಡಿದೆ ಅಂತ ನನ್ನನ್ನು ಕೇಳಿದರು. ಹ್ಯಾಂಡಲ್ ಅಲ್ಲಾಡುತ್ತಿತ್ತು ಅಂತ ಶಶಾಂಕ್ ಹೇಳಿದ. ಲಾಯರು ನನ್ನನ್ನೇ ನೋಡುತ್ತಿದ್ದರು. ನೀರು ಕುಡಿದೆ.

ನವೆಂಬರ್ 25, ಶನಿವಾರ

ಅವರ ಜೊತೆ ಮಾತೇ ಆಡಬೇಡಿ ಅಂತ ಲಾಯರು ಹೇಳಿದ್ದರು. ಆದರೂ ಹೋದೆ. ಬಿಸಿಬೇಳೆಬಾತ್ ಮಾಡಿಕೊಂಡು. ಬೇರೇನು ತಗೊಂಡು ಹೋಗುವುದು ಅಂತ ತಿಳಿಯಲಿಲ್ಲ.

ರಮೇಶ ಬಾಗಿಲು ತೆಗೆದ, ಪಕ್ಕಕ್ಕೆ ಸರಿಯಲಿಲ್ಲ. ಮುಖ ಬಿಗಿದುಕೊಂಡಿತ್ತು, ಯಾಕಿರಬಾರದು. ಒಳಗಿನಿಂದ ಅವರೇ ಕರೆದರು.

ಕೈಗೆ ಕಟ್ಟು. ಶಾಲು ಹೊದ್ದು ಕೂತಿದ್ದರು. ಕಲಬುರಗಿಯವರು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು. ನನಗೇ ಚಹಾ ಮಾಡಿಸಿದರು. ಕ್ಷಮಿಸಿ ಅಂದೆ. ಸಿಟ್ಟಿಲ್ಲ ಅಂದರು.

"ತಪ್ಪು ಮನಿಗಿ ನಾನೇ ಬಂದಿದ್ದು ತಾಯಿ. ನಂಬರ ನೋಡಿ ತಿಳೀತು, ಹೊಳ್ಳಿ ಹೊಂಟಿದ್ದೆ. ಅಷ್ಟ್ರಾಗ ಒಳಗಿಂದ ಕನ್ನಡ ಕೇಳಿಸ್ತು. ಹೆಣ್ಣುಮಗಳ ದನಿ, ಹೋಗ್ತಿದಾನ ಬಿಡು ಅಂತ. ಏ, ನಮ್ಮ ಮಂದಿ ಅದಾರಲ್ಲ ಅಂತ ಖುಷಿ ಆತು ನೋಡ್ರಿ. ಮಾತಾಡಿಸೋಣಂತ ತಿರುಗಿದೆ."

ಕಪ್ಪು ಕೆಳಗಿಟ್ಟೆ. ಅವರಿಗೆ ಬೇಕಾದದ್ದು ಒಂದೇ.

"ಮಂದಿ ರೊಕ್ಕ ಮುಟ್ಟಿ ಬಾಳೇವು ಮಾಡಿದಾಂವ ನಾನು. ಒಂದು ರೂಪಾಯಿ ಹೆಚ್ಚುಕಮ್ಮಿ ಮಾಡಿಲ್ಲ. ಬಾಗಲಾ ಮುರೀಲಾಕ ಬಂದಿದ್ದ ಅಂತ ಬರೆಸ್ಯಾರಂತ. ಅದೊಂದು ತೆಗಸ್ರಿ. ಮತ್ತೇನೂ ಬ್ಯಾಡ."

ಆ ದನಿ ನಿಮ್ಮದೇ ಏನು ಅಂತ ಅವರು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ನಾಚಿಕೆಯಿಂದ ಅಲ್ಲೇ ಕರಗಿಹೋಗಬೇಕು ಅನಿಸಿತು. ಪಾತ್ರೆ ಅಲ್ಲೇ ಬಿಟ್ಟು ಬಂದೆ.

ಜನವರಿ 7, 2024, ಭಾನುವಾರ

ಬರೆದು ಎಷ್ಟೋ ದಿನವಾಯಿತು. ಬರೆಯುವುದು ಏನಿದೆ? ಆಫೀಸ್, ಅಡುಗೆ, ಲಾಯರ್ ಕಾಲ್. ಕೋರ್ಟಿನಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ಲಾಯರು ಕೇಳುತ್ತಾರೆ, ನಾನು ಉತ್ತರ ಹೇಳುತ್ತೇನೆ. ನಿಜ ಹೇಳಿ, ಚಿಕ್ಕದಾಗಿ ಹೇಳಿ ಅನ್ನುತ್ತಾರೆ.

ಇವತ್ತು ಜಗಳ. ಇದ್ದದ್ದು ಇದ್ದ ಹಾಗೆ ಹೇಳು, ಅವರ ಹೆಸರಾದರೂ ಉಳಿಯಲಿ ಅಂದೆ. ಶಶಾಂಕ್ ಲ್ಯಾಪ್‌ಟಾಪ್ ಮುಚ್ಚಿಟ್ಟ.

"ಮನೇಗೆ ಹೋಗಿ ಅವ್ರ ಕಾಲಿಗೆ ಬೇಕಾದ್ರೂ ಬೀಳ್ತೀನಿ ಕಾತ್ಯಾಯಿನಿ. ಆದ್ರೆ ಕೋರ್ಟಲ್ಲಿ ಆಗಲ್ಲ. ನಾವಿಬ್ರೂ ಹೋದ್ರೆ ನಿಧಿ ಏನ್ ಮಾಡ್ಬೇಕು?"

ನಾನು ಹೇಳಿದ್ದು ಅವತ್ತು ಅವನಿಗೆ ಕೇಳಿಸಲೇ ಇಲ್ಲವಂತೆ. ಇರಬಹುದು. ಭಯದಲ್ಲಿ ಕಿವಿ ಮುಚ್ಚಿಹೋಗಿರಬಹುದು. ನಂಬಬೇಕು ಅಂತ ಬಹಳ ಆಸೆಯಿದೆ.

ಜನವರಿ 18, ಗುರುವಾರ, ಸಂಜೆ

ಮುಗಿಯಿತು.

ಸಾಕ್ಷಿಗಳನ್ನು ಹೊರಗೆ ಕೂರಿಸುತ್ತಾರೆ. ಶಿವಶರಣಪ್ಪನವರು ಏನು ಹೇಳಿದರು ಅನ್ನುವುದು ಕೇಳಿಸಲಿಲ್ಲ. ಆಮೇಲೆ ನನ್ನನ್ನು ಕರೆದರು. ಪ್ರಮಾಣ ಮಾಡಿಸಿದರು. ಬಾಗಿಲು ತೆಗೆದಾಗ ಹ್ಯಾಂಡಲ್ ಅಲ್ಲಾಡುತ್ತಿತ್ತು ಅಂದೆ. ಹೇಳಿ ಹೇಳಿ ರೂಢಿಯಾಗಿತ್ತು, ಸರಾಗವಾಗಿ ಬಂತು.

ಸರ್ಕಾರಿ ಲಾಯರಮ್ಮ ಎದ್ದು, ಒಳಗೆ ಕೂತಿದ್ದ ಶಿವಶರಣಪ್ಪನವರ ಕಡೆ ಕೈ ತೋರಿಸಿದಳು. ಒಳಗಿನಿಂದ ಒಬ್ಬ ಹೆಂಗಸು ಕನ್ನಡದಲ್ಲಿ 'ಹೋಗ್ತಿದಾನೆ, ಬಿಡು' ಅಂದದ್ದು ಕೇಳಿಸಿತು ಅಂತ ಇವರು ಹೇಳಿದ್ದಾರೆ, ಅದು ನೀವೇನಾ ಅಂತ ಕೇಳಿದಳು.

ನೋ, ಅಂದೆ.

ಅವರಿಗೆ ಇಲ್ಲಿಯವರ ಇಂಗ್ಲಿಷ್ ತಿಳಿಯುವುದಿಲ್ಲ. ಕನ್ನಡದ ಇಂಟರ್ಪ್ರಿಟರ್ ಎಲ್ಲಿಯೋ ಕೂತು ಫೋನಿನಲ್ಲಿ ಹೇಳುತ್ತಿದ್ದ. ನಾನು ಅಂದದ್ದು ಸ್ಪೀಕರಿನಿಂದ ಇಡೀ ಕೋರ್ಟಿಗೆ ಕೇಳುವ ಹಾಗೆ ಬಂತು. "ನಾನಲ್ಲ. ನಾನು ಹಾಗೆ ಹೇಳಿಲ್ಲ." ನನ್ನ ಸುಳ್ಳು ಶುದ್ಧ ಕನ್ನಡದಲ್ಲಿ. ಶಿವಶರಣಪ್ಪನವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಆಮೇಲೆ ಜಡ್ಜ್ ಹೇಳಿದ್ದು: ಹೊರಟುಹೋಗುತ್ತಿದ್ದ ಮನುಷ್ಯನ ಮೇಲೆ ಗನ್ ಹಿಡಿಯಲು ಯಾರಿಗೂ ಹಕ್ಕಿಲ್ಲ. ಇವರು ಹೊರಟಿದ್ದರು ಅಂತ ಖಚಿತವಾಗಿದ್ದರೆ ಶಿಕ್ಷೆ ಕೊಡುತ್ತಿದ್ದೆ. ಒಳಗಿದ್ದ ಇಬ್ಬರೂ ಬೇರೆ ಹೇಳುತ್ತಿದ್ದಾರೆ. ಅನುಮಾನಕ್ಕೆ ಜಾಗವಿದೆ. ಡಿಸ್‌ಮಿಸ್ಡ್.

ಮೊದಲು ಬಂದದ್ದು ನೆಮ್ಮದಿ. ಇಲ್ಲಾದರೂ ಸುಳ್ಳೇಕೆ ಬರೆಯಲಿ. ಕಾಲಿನವರೆಗೂ ಇಳಿದುಹೋದ ನೆಮ್ಮದಿ. ಶಶಾಂಕ್ ಕಾರಿನಲ್ಲಿ ಅತ್ತ. ನನಗೆ ಅಳು ಬರಲಿಲ್ಲ. ಮನೆಗೆ ಬಂದು ರಾತ್ರಿಯ ಅಡುಗೆಗೆ ಅಕ್ಕಿ ತೊಳೆದಿಟ್ಟೆ.

ಜನವರಿ 20, ಶನಿವಾರ, ರಾತ್ರಿ

ಶಿವಶರಣಪ್ಪನವರು ಊರಿಗೆ ಹೊರಟುಹೋದರಂತೆ. ಏಪ್ರಿಲ್‌ವರೆಗೆ ಇರುವವರಿದ್ದರು. ಪಾತ್ರೆಯನ್ನು ಯಾರೋ ತೊಳೆದು ನಮ್ಮ ಮೆಟ್ಟಿಲ ಮೇಲೆ ಇಟ್ಟುಹೋಗಿದ್ದಾರೆ. ಬೆಲ್ ಮಾಡಿಲ್ಲ.

ಇಮಿಗ್ರೇಷನ್ ಲಾಯರು ಈಮೇಲ್‌ನಲ್ಲಿ ಕಂಗ್ರಾಜುಲೇಷನ್ಸ್ ಹೇಳಿದ್ದಾರೆ.

ಊಟಕ್ಕೆ ಕೂತಾಗ ನಿಧಿ ಕೇಳಿದಳು. ತಟ್ಟೆ ನೋಡುತ್ತಲೇ.

"ಅಮ್ಮ, ಜಡ್ಜ್‌ಗೆ ನೀನು ಏನು ಹೇಳಿದೆ? ಬಿಕಾಸ್ ಐ ಹರ್ಡ್ ಯೂ. ನಾನು ಸ್ಟೇರ್ಸ್ ಮೇಲೆ ಇತ್ತು. ಯೂ ಸೆಡ್, ಹೋಗ್ತಿದಾನೆ."

ಶಶಾಂಕನ ಕೈ ಅನ್ನದ ಮೇಲೆ ನಿಂತಿತು. ನಾನು ಅವಳ ತಟ್ಟೆಗೆ ಸಾರು ಬಡಿಸಿದೆ. ನೀನು ಅವತ್ತು ತುಂಬ ಹೆದರಿದ್ದೆ ಪುಟ್ಟಾ, ನಿನಗೆ ಸರಿಯಾಗಿ ನೆನಪಿಲ್ಲ ಅಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಓಕೆ ಅಂದಳು. ಮೇ ಬಿ ಐ ಡೋಂಟ್, ಅಂದಳು. ನಂಬಿದಳು, ನನ್ನ ಮಾತನ್ನು ನಂಬಿ ತನ್ನ ಕಿವಿಯನ್ನೇ ಸುಳ್ಳು ಮಾಡಿಕೊಂಡಳು.