ಕಿಟಕಿ ಮುಚ್ಚಿದ ಮನೆಯಿಂದ

ಅಮ್ಮಾ,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕೆಮ್ಮಿನ ಮಧ್ಯೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಯುರೇನಿಯಂ ಗಣಿ ಮುಚ್ಚಿದ ಎಷ್ಟೋ ವರ್ಷಗಳ ಮೇಲೆ ನಮ್ಮ ಬೆಟ್ಟದೂರು ಯಾಹಿಮೋವ್‌ನ ಮನೆಮನೆಗೂ ರೇಡಾನ್ ಅಳೆಯುವವರು ಬಂದದ್ದು ನೆನಪಿದೆಯಾ? ಗಣಿಯ ಮರಳು ಕಲಸಿ ಕಟ್ಟಿದ ಗೋಡೆಗಳಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಒಸರುತ್ತದೆ, ಶ್ವಾಸಕೋಶ ತಿನ್ನುತ್ತದೆ ಎಂದರು. ಬೀರುವಿನ ಮೇಲೆ ಪುಟ್ಟ ಡಬ್ಬಿ ಇಟ್ಟು, "ದಿನಾ ಹೇಗಿರ್ತೀರೋ ಹಾಗೇ ಇರಿ, ಅಜ್ಜಿ," ಎಂದು ಹೋದರು. ನೀನು ಹಾಗೆ ಇರುವವಳೇ? "ಹೊರಗಿನವ್ರು ಬಂದು ನಮ್ಮನೆ ಗಾಳಿ ಅಳೀತಾರಂತೆ. ಎಲೆಕೋಸಿನ ನಾತ ಹೊಡೆದ್ರೆ ಊರವರು ಏನಂದಾರು?" ಎನ್ನುತ್ತಾ ಹಿಮ ಬೀಳುವ ತಿಂಗಳಲ್ಲಿ ಕಿಟಕಿಗಳನ್ನೆಲ್ಲ ಹಾರುಹೊಡೆದೆ. ಗರಿ ತುಂಬಿದ ಹೊದಿಕೆಗಳನ್ನು ಇಡೀ ದಿನ ಕಿಟಕಿಯ ಮೇಲೆ ಇಳಿಬಿಟ್ಟೆ. ಅಪ್ಪ ಕೋಟು ಹಾಕಿಕೊಂಡೇ ಊಟಕ್ಕೆ ಕೂತು, "ಏನೇ, ಬೆಟ್ಟಕ್ಕೆಲ್ಲಾ ಒಲೆ ಹಚ್ತಿದ್ದೀಯಾ?" ಎಂದು ಗೊಣಗಿದರು.

ಮನೆ ಸುರಕ್ಷಿತ ಎಂದು ಉತ್ತರ ಬಂತು. ನೀನು ಬೀಗಿದೆ. ಆಮೇಲೆ ಕಿಟಕಿಯ ಸಂದುಗಳಿಗೆ ಹತ್ತಿ ತುರುಕಿ, ಕಾಗದದ ಪಟ್ಟಿ ಅಂಟಿಸಿ, ಪ್ರತಿ ಚಳಿಗಾಲದಂತೆ ಮನೆಯನ್ನು ಬೆಚ್ಚಗೆ ಮುಚ್ಚಿದೆ. ಗಣಿಯಲ್ಲಿ ದುಡಿದಿದ್ದ ಅಪ್ಪ ಕೆಮ್ಮಿ ಕೆಮ್ಮಿಯೇ ಹೋದಾಗ ಅದು ಗಣಿಯ ಪಾಪ ಎಂದುಕೊಂಡೆವು.

ಈಗ ನನ್ನ ಮಗಳು ಲೆಂಕಾ ಕೂಸನ್ನು ಕರೆದುಕೊಂಡು ಇಲ್ಲಿಗೇ ಬಂದು ಇರುತ್ತೇನೆ ಎನ್ನುತ್ತಾಳೆ. ಅದಕ್ಕೇ ಮತ್ತೆ ಅಳೆಯಲು ಕರೆಸಿದೆ. ಮಾಲೆಕ್ ಎಂಬಾತ ಬಂದು, ಡಬ್ಬಿಯ ಜೊತೆಗೆ ಕೋಣೆಗೊಂದು ಸಣ್ಣ ಕೊಳವೆಯನ್ನೂ ಇಟ್ಟ. ಅದರಿಂದ ಅಪಾಯವಿಲ್ಲದ ಬೇರೊಂದು ಅನಿಲ ಅಷ್ಟಷ್ಟೇ ಹೊರಬರುತ್ತದಂತೆ. ಕೋಣೆಯಲ್ಲಿ ಅದೆಷ್ಟು ಉಳಿಯಿತೆಂದು ನೋಡಿದರೆ ಮನೆಯ ಗಾಳಿ ಎಷ್ಟು ಬದಲಾಗುತ್ತದೆಂದು ತಿಳಿಯುತ್ತದಂತೆ. ನಿನ್ನ ಕಿಟಕಿಯ ಕಥೆ ಹೇಳಿದೆ. ಅವನು ನಗಲಿಲ್ಲ. "ಈ ಊರಲ್ಲಿ ಸುಮಾರು ಅಜ್ಜೀರು ಹಿಂಗೇ ಮಾಡಿದಾರೆ. ಅವತ್ತು ಅಳೆದಿದ್ದು ನಿಮ್ಮನೆ ಗಾಳಿಯಲ್ಲ, ಬೆಟ್ಟದ ಗಾಳಿ," ಎಂದ.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಒಂದು ಸಿಗರೇಟೂ ಮುಟ್ಟದ ನನ್ನ ಎದೆಯಲ್ಲಿ ಗಂಟು. ಡಾಕ್ಟರು ಮುಂದಿನ ಬೇಸಿಗೆಯ ಮಾತೇ ಎತ್ತುವುದಿಲ್ಲ. ಈ ಮನೆಯಿಂದಲೇ ಬಂತೆಂದು ಯಾರೂ ಆಣೆ ಇಟ್ಟು ಹೇಳಲಾರರು, ಅಲ್ಲವೆಂದೂ ಹೇಳಲಾರರು. ಮಾನಕ್ಕೆ ಅಂಜಿದವಳನ್ನು ಏನೆಂದು ಬೈಯಲಿ?

ಕೊಳವೆಗಳು ಇನ್ನೂ ಇಲ್ಲೇ ಇವೆ. ಒಲೆಯ ಮೇಲೆ ಕೋಸು ಬೇಯುತ್ತಿದೆ, ಮನೆಯೆಲ್ಲ ಅದೇ ನಾತ. ಎದೆ ಬಿಗಿಯುತ್ತಿದೆ. ಚಿಲಕ ಕೈಗೆಟಕುವಷ್ಟು ಹತ್ತಿರವಿದೆ. ತೆಗೆದರೆ ನನಗೊಂದಿಷ್ಟು ಉಸಿರು ಸಿಗುತ್ತದೆ. ಮುಚ್ಚಿದ್ದರೆ ಮನೆ ನಿಜ ಹೇಳುತ್ತದೆ, ಕೂಸು ಇಲ್ಲಿಗೆ ಬರುವುದು ತಪ್ಪುತ್ತದೆ. ತೆಗೆಯುವುದಿಲ್ಲ, ಅಮ್ಮಾ. ನೀನು ಅಷ್ಟು ಚೊಕ್ಕಟವಾಗಿ ನಡೆಸಿದ ಮನೆ ನನ್ನೊಂದಿಗೇ ಮುಗಿಯಲಿ.

ಬೇಗನೇ ಬರುತ್ತೇನೆ. ನೀನಿರುವ ಕಡೆ ಒಂದು ಕಿಟಕಿ ತೆಗೆದಿಟ್ಟಿರು.

ನಿನ್ನ ಮಗಳು,
ಹೆದ್ವಿಕಾ