ಫೋಟೋದ ಎಡಮೂಲೆ

ಸ್ಟುಡಿಯೋ,
ಭಾನುವಾರ ಬೆಳಗ್ಗೆ

ನನ್ನ ಚಿನಕುರಳಿ ಮಗಳಿಗೆ ಅಪ್ಪನ ಆಶೀರ್ವಾದ.

ಎರಡು ಬಸ್ ಸ್ಟಾಪ್ ಆಚೆ ಇರುವ ಮಗಳಿಗೆ ಕಾಗದ ಬರೆಯುವ ಅಪ್ಪ ನಾನೊಬ್ಬನೇ ಇರಬೇಕು. ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದು ಸಣ್ಣ ವಿಷಯ. ಹೊಸದಾಗಿ ಕೊಂಡ ಪುಟ್ಟ ಮಿರರ್‌ಲೆಸ್ ಕ್ಯಾಮೆರಾಕ್ಕೆ ಝೂಮ್ ಲೆನ್ಸ್ ತಗೊಳ್ಳಲೋ ಪ್ರೈಮ್ ತಗೊಳ್ಳಲೋ ಅಂತ. "ಅಂಗಡಿಯವನು ತಲೆ ತಿಂತಿದಾನೆ, ಒಂದೇ ಮಾತಲ್ಲಿ ಹೇಳಪ್ಪ" ಅಂದೆ. ಮೂವತ್ತೈದು ವರ್ಷ ಸ್ಟುಡಿಯೋ ನಡೆಸಿದವನು ನಾನು. ಫೋನಿನಲ್ಲಿ ಬೇಡ, ಕಾಗದ ಬರೀತೀನಿ ಅಂದೆ. "ಲೆನ್ಸಿಗೂ ಕಾಗದವಾ? ನಿನಗೆ ಅರಳುಮರಳು" ಅಂತ ನೀನು ನಕ್ಕೆ.

ಒಂದೇ ಮಾತಲ್ಲಿ ಹೇಳುತ್ತೇನೆ. ಝೂಮ್ ತಗೋ.

ನೀನು ನಂಬಲಾರೆ, ಗೊತ್ತು. ಝೂಮ್ ಇಟ್ಟುಕೊಂಡವರನ್ನು ಕಂಡರೆ "ದೇವರು ಕಾಲು ಕೊಟ್ಟಿರೋದು ಯಾಕ್ರೀ, ಹತ್ತಿರ ಹೋಗಿ" ಎಂದು ಆಡಿಕೊಂಡವನು ನಾನು. ಪ್ರೈಮಿನ ಗುಣ ನಿಜವೇ. ಹಗುರ, ಮಬ್ಬು ಬೆಳಕಿನಲ್ಲೂ ಮುಖ ಚೆನ್ನಾಗಿ ಬರುತ್ತದೆ. ಆದರೆ ಅದರ ನೋಟದ ಅಗಲ ಒಂದೇ. ಇನ್ನೂ ಅಗಲ ಬೇಕೆಂದರೆ ಲೆನ್ಸನ್ನೇ ಬಿಚ್ಚಿ ಇನ್ನೊಂದನ್ನು ಹಾಕಬೇಕು. ಝೂಮಿನಲ್ಲಿ ಲೆನ್ಸಿನ ಸುತ್ತ ಇರುವ ಬಳೆ ತಿರುಗಿಸಿದರೆ ಮುಗಿಯಿತು. ಲೆನ್ಸ್ ಬಿಚ್ಚಿ ಹಾಕಲು ಎರಡು ಕೈ ಬೇಕು ಮಗಳೇ. ನಿನ್ನ ಪೋರನಿಗೆ ಈಗ ನಾಲ್ಕು ವರ್ಷ. ಅಂಥ ಮಗುವಿನ ಜೊತೆ ಬೀದಿಗಿಳಿದವರಿಗೆ ಎರಡು ಕೈ ಇರುವುದಿಲ್ಲ. ಒಂದು ಕೈ ಮಗುವಿನದು.

ಇದನ್ನು ನಾನು ಹೇಗೆ ಕಲಿತೆ ಎಂದು ಹೇಳದಿದ್ದರೆ ಈ ಕಾಗದ ಬರೆದೂ ದಂಡ.

ನಾಲ್ಕು ವರ್ಷದವಳಿದ್ದಾಗ ನೀನು ರೈಲ್ವೆ ನಿಲ್ದಾಣದಲ್ಲಿ ಕಳೆದುಹೋದ ಕಥೆ ನಮ್ಮ ಮನೆಗೆ ಬಂದ ನೆಂಟರಿಗೆಲ್ಲ ಬಾಯಿಪಾಠ. ಅಮ್ಮ ಕೈ ಬಿಟ್ಟಳು, ಅಪ್ಪ ಹುಡುಕಿ ತಂದ. ನಮ್ಮಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವನು ನಾನು. ಪ್ರತಿ ಸಲವೂ ಒಂದೊಂದು ಎಳೆ ಸೇರಿಸಿ, ಕೇಳುವವರನ್ನು ಅಳಿಸಿ, ನಗಿಸಿ ಹೇಳುತ್ತಿದ್ದೆ. ನಿನ್ನ ಸೋದರತ್ತೆ "ಛತ್ರಿ ಮರೆಯೋರನ್ನ ನೋಡಿದೀನಿ, ಮಗು ಮರೆಯೋ ತಾಯಿನ ಇಲ್ಲೇ ನೋಡಿದ್ದು" ಅಂದಾಗ ನಾನೂ ನಕ್ಕಿದ್ದೆ. ನಿನ್ನ ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಆ ದಿನ ನಿನ್ನ ಕೈ ಇದ್ದದ್ದು ನನ್ನ ಕೈಯಲ್ಲಿ.

ಅಮ್ಮ ಹತ್ತು ಹೆಜ್ಜೆ ಮುಂದಿದ್ದಳು. ಮೇಲಿನ ಗಾಜಿನ ಮಾಡಿನಿಂದ ಬಿಸಿಲು ಕೋಲುಕೋಲಾಗಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿತ್ತು. ನನ್ನ ಕ್ಯಾಮೆರಾದಲ್ಲಿದ್ದ ಲೆನ್ಸಿನಲ್ಲಿ ಅಷ್ಟಗಲ ಹಿಡಿಸುತ್ತಿರಲಿಲ್ಲ. ಅರ್ಧ ನಿಮಿಷದ ಕೆಲಸ ಎಂದುಕೊಂಡು ನಿನ್ನ ಕೈ ಬಿಟ್ಟೆ. ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು ಅಗಲದ ಲೆನ್ಸ್ ಹಾಕಿದೆ. ಮೂರು ಫೋಟೋ ತೆಗೆದೆ. ಬಗ್ಗಿ ನೋಡಿದರೆ ನೀನಿಲ್ಲ.

ಅಮ್ಮ ಹಿಂತಿರುಗಿ, ಮಗು ಎಲ್ಲಿ ಅಂದಳು. "ನಿನ್ನ ಕೈಗೇ ಕೊಟ್ಟಿದ್ದೆನಲ್ಲ" ಅಂದೆ. ಯೋಚಿಸಿ ಆಡಿದ ಮಾತಲ್ಲ, ನಾಲಿಗೆ ತಾನೇ ಜಾರಿತು. ಮುಕ್ಕಾಲು ಗಂಟೆಯ ಮೇಲೆ ನೀನು ಸ್ಟೇಷನ್ ಮಾಸ್ಟರ ಮೇಜಿನ ಮೇಲೆ ಬಿಸ್ಕತ್ತು ತಿನ್ನುತ್ತಾ ಸಿಕ್ಕೆ. ಆಗಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಅವಳು ನೆಲದಲ್ಲಿ ಕೂತು "ನಾನೇ ಬಿಟ್ಟೆ, ನಾನೇ ಬಿಟ್ಟೆ" ಎನ್ನುತ್ತಿದ್ದಳು. ನನ್ನ ಮಾತನ್ನು ಅವಳು ತನ್ನ ನೆನಪಿಗಿಂತ ಹೆಚ್ಚು ನಂಬಿದ್ದಳು. ನಾನು ಸುಮ್ಮನಾದೆ. ಇಪ್ಪತ್ತೆಂಟು ವರ್ಷ ಸುಮ್ಮನಿದ್ದೆ.

ಆ ಮೂರರಲ್ಲಿ ಒಂದು ಫೋಟೋ ಸ್ಟುಡಿಯೋದ ಗೋಡೆಯಲ್ಲಿದೆ, ಬಿಸಿಲುಕೋಲಿನದು. ಬಂದವರೆಲ್ಲ ಹೊಗಳುತ್ತಾರೆ. ಅದರ ಎಡಮೂಲೆಯನ್ನು ನಾನು ಕತ್ತರಿಸಿ ಪ್ರಿಂಟ್ ಹಾಕಿದ್ದೇನೆ. ಯಾಕೆಂದು ಯಾರೂ ಕೇಳಲಿಲ್ಲ. ಅಗಲದ ಲೆನ್ಸು ನಾನು ಬೇಡವೆಂದದ್ದನ್ನೂ ಹಿಡಿದಿತ್ತು. ನಿನ್ನೆ ಹಳೇ ನೆಗೆಟಿವ್ ಹುಡುಕಿ ಪೂರ್ತಿ ಪ್ರಿಂಟ್ ಹಾಕಿದೆ. ಇದರ ಜೊತೆ ಇಟ್ಟಿದ್ದೇನೆ. ಎಡಮೂಲೆ ನೋಡು. ನಿನ್ನ ಅಮ್ಮನ ಬೆನ್ನು. ಬಲಗೈಲಿ ಒಂದು ಚೀಲ, ಎಡಗೈಲಿ ಒಂದು ಚೀಲ. ಮಗುವನ್ನು ಹಿಡಿಯಲು ಅವಳಿಗೆ ಮೂರನೇ ಕೈ ಇರಲಿಲ್ಲ.

ಮುಂದಿನ ತಿಂಗಳು ನೀನು ಮತ್ತೆ ಕೆಲಸಕ್ಕೆ ಹೋಗುತ್ತೀಯ. ಮಧ್ಯಾಹ್ನ ಪೋರನನ್ನು ಶಾಲೆಯಿಂದ ಕರೆತರುತ್ತೀಯಾ ಅಂತ ಅಮ್ಮನನ್ನು ಕೇಳಿದಾಗ ಅವಳು, "ನನ್ನ ಕೈ ನಂಬಬೇಡ ಕಣೇ, ಬೇರೆ ಯಾರನ್ನಾದ್ರೂ ನೋಡ್ಕೊ" ಅಂದಳಲ್ಲ. ನೀನೂ ನಕ್ಕು, "ಹೌದಮ್ಮ, ನಿನ್ನ ಹಳೇ ರೆಕಾರ್ಡು ಗೊತ್ತಲ್ಲ" ಅಂದೆ. ನಾನು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದೆ. ಅದು ತಲೆಕೆಳಗಾಗಿತ್ತು. ನೀವಿಬ್ಬರೂ ನೋಡಲಿಲ್ಲ.

ಪೋರನನ್ನು ಬೇರೆಯವರ ಕೈಗೆ ಕೊಡಬೇಡ. ನಂಬಬಾರದ ಕೈ ನಮ್ಮ ಮನೆಯಲ್ಲಿ ಒಂದಿತ್ತು, ಅದು ಅವಳದಲ್ಲ. ಕ್ಷಮಿಸು ಎಂದು ಬರೆಯಲು ಹೋದೆ, ಪೆನ್ನು ನಿಂತಿತು. ಅದನ್ನು ಮೊದಲು ಕೇಳಬೇಕಾದದ್ದು ನಿನ್ನನ್ನಲ್ಲ.

ತಲೆ ತಗ್ಗಿಸಿ,
ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಮನೆಗೆ ಹೋಗಿ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ಫೋಟೋದ ಎಡಮೂಲೆಯನ್ನು ತುಂಬಾ ಹೊತ್ತು ನೋಡಿದಳು. "ಎರಡೂ ಕೈಲಿ ಚೀಲ ಇತ್ತು ಅಂತ ನನಗೆ ನೆನಪಿತ್ತು. ನನ್ನ ತಲೆನೇ ಸರಿಯಿಲ್ಲ ಅಂದ್ಕೊಂಡಿದ್ದೆ" ಅಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಫೋಟೋವನ್ನು ನನ್ನ ಕೈಗೆ ವಾಪಸ್ ಕೊಟ್ಟಳು. ಆಮೇಲೆ, ಪೋರನ ಶಾಲೆ ಬಿಡುವುದು ಎಷ್ಟು ಗಂಟೆಗೆ ಅಂತ ಈ ಕಾಗದದಲ್ಲೇ ನಿನ್ನನ್ನು ಕೇಳಲು ಹೇಳಿದಳು. ನಾನೂ ಜೊತೆಗೆ ಬರಲಾ ಅಂದೆ. "ಬರೋದಾದ್ರೆ ಚೀಲ ಎರಡೂ ನೀವು ಹಿಡ್ಕೊಳ್ಳಿ" ಅಂದಳು.