ಜೇಬು ಕಿತ್ತ ಅಂಗಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಚೆನ್ನಾಗಿದ್ದೀಯಾ? ಅಳಿಯಂದಿರ ಕೆಮ್ಮು ಕಡಿಮೆಯಾಯಿತಾ? ಒಂದು ಒಳ್ಳೆಯ ಸುದ್ದಿ ಇದೆ. ಫೋನಿನಲ್ಲಿ ಹೇಳಹೋದರೆ ಅತ್ತುಬಿಡುತ್ತೇನೆಂದು ಬರೆಯುತ್ತಿದ್ದೇನೆ.

ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯನ್ನು ಬುಧವಾರಗಳಂದು ಆಸ್ಪತ್ರೆಯವರಿಗೆ ಬಿಟ್ಟುಕೊಟ್ಟಿದ್ದು ನಿನಗೆ ಗೊತ್ತು. ಕುಡಿತ ಬಿಡಬೇಕೆನ್ನುವವರನ್ನೂ ಮನಸ್ಸು ಕುಗ್ಗಿದವರನ್ನೂ ನೋಡಲು ಪಟ್ಟಣದಿಂದ ನರ್ಸಮ್ಮ ಬರುತ್ತಾರೆ, ತಿಂಗಳಿಗೊಮ್ಮೆ ಡಾಕ್ಟರೂ ಬರುತ್ತಾರೆ. ಮೊದಮೊದಲು ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಜನ ತಾವೇ ದಾರಿ ಕಂಡುಕೊಂಡರು. ಏನಾದರೂ ಹರಿದ ಬಟ್ಟೆ ತರುವುದು, ನನ್ನ ಕೈಗೆ ಕೊಡುವುದು, ಪರದೆ ಸರಿಸಿ ಒಳಗೆ ಹೋಗುವುದು. ಯಾರಾದರೂ ಕೇಳಿದರೆ ಹೊಲಿಗೆಗೆ ಬಂದಿದ್ದೆ ಅನ್ನಬಹುದಲ್ಲ. ಗಾರೆ ಕೆಲಸದ ತಾತ ಒಂದೇ ಪ್ಯಾಂಟನ್ನು ಎಷ್ಟು ಸಲ ಹರಿದು ತಂದಿದ್ದಾರೆಂದರೆ, ಈಗ ಅದರಲ್ಲಿ ಬಟ್ಟೆಗಿಂತ ನನ್ನ ದಾರವೇ ಹೆಚ್ಚು!

ಊರಿಗೆಲ್ಲ ನಡೆದ ಈ ಉಪಾಯ ನಿನ್ನ ತಮ್ಮನಿಗೆ ಮಾತ್ರ ನಡೆಯಲಿಲ್ಲ. ಟೈಲರಮ್ಮನ ಮಗ ಬಟ್ಟೆ ಹಿಡಿದು ಸಾಲಿನಲ್ಲಿ ಕೂತರೆ ಯಾರು ನಂಬುತ್ತಾರೆ? "ಎಲ್ರಿಗೂ ನೆಪ ಇದೆ, ನನಗೇನಿದೆ ಹೇಳಮ್ಮ" ಅಂದಿದ್ದ. ಕುಡಿದು ಕುಡಿದು ಕೈ ನಡುಗಿ, ವೈರಿಂಗ್ ಕೆಲಸಕ್ಕೆ ಏಣಿ ಹತ್ತಲೂ ಆಗುತ್ತಿರಲಿಲ್ಲ. ನಿಮ್ಮಪ್ಪನನ್ನು ಕುಡಿತ ತಿಂದುಹಾಕಿದಾಗ ಇದಕ್ಕೂ ಔಷಧಿ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಈಗ ಔಷಧಿ ಮನೆಯೊಳಗೇ ಇದ್ದೂ ಇವನೂ ಹೋಗಿಬಿಡುತ್ತಾನಲ್ಲ ಎಂದು ನನಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಿನ್ನೆ ತಲೆಯೆತ್ತಿ ನೋಡುತ್ತೇನೆ, ಅಂಗಡಿ ಮುಂದಿನ ಬೆಂಚಿನ ತುದಿಯಲ್ಲಿ ಅವನು! ತೊಡೆಯ ಮೇಲೆ ಜೇಬು ಕಿತ್ತ ಅಂಗಿ. ಹಿಂಬಾಗಿಲಿನಿಂದ ಹೋಗಬಹುದಿತ್ತು, ಬೀದಿಯ ಕಡೆಯಿಂದಲೇ ಬಂದಿದ್ದ. ಬೆಂಚಿನ ಮೇಲಿದ್ದವರೆಲ್ಲ ತಂತಮ್ಮ ಬಟ್ಟೆಯನ್ನೇ ನೋಡತೊಡಗಿದರು. ಕೊನೆಗೆ ತಾತನೇ, "ಏನಪ್ಪಾ, ಮನೆ ಮಗನಿಗೂ ಪಾಳಿನಾ? ನಿಮ್ಮಮ್ಮ ಬಲು ಖಡಕ್ಕು ಕಣೋ" ಅಂದರು. ಎಲ್ಲರೂ ನಕ್ಕರು, ಇವನೂ ನಕ್ಕ. "ಮುಂದೆ ಬಾ. ನಂದೇನು ಅವಸರ ಇಲ್ಲ, ಈ ಪ್ಯಾಂಟು ಎಲ್ಲಿಗೂ ಓಡಿಹೋಗಲ್ಲ" ಎಂದು ತಾತ ಸರಿದರು. ಅವರ ಹಿಂದೆ ಬೆಂಚಿಗೆ ಬೆಂಚೇ ಸರಿಯಿತು.

ಬೇರೆ ಗಿರಾಕಿಗಳನ್ನು ಕೇಳುವ ಹಾಗೆಯೇ, "ಯಾವಾಗ ಬೇಕು?" ಅಂದೆ. ಸದ್ಯ, ದನಿ ನಡುಗಲಿಲ್ಲ. "ನಿಧಾನಕ್ಕೆ ಕೊಡಿ ಟೈಲರಮ್ಮ, ಮುಂದಿನ ವಾರಾನೂ ಬರ್ತೀನಿ" ಅಂದವನೇ ಪರದೆ ಸರಿಸಿದ.

ಒಳಗಿನ ಮಾತು ನನಗೆ ಕೇಳಿಸಬಾರದೆಂದು ಮೆಷಿನ್ ತುಳಿಯುತ್ತಲೇ ಇದ್ದೆ. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಕೈಯಲ್ಲಿ ಮಾತ್ರೆಯ ಪೊಟ್ಟಣ. ನಡುವೆ ಒಂದು ದಿನ ಕುಡಿದುಬಿಟ್ಟರೂ ಬರುವುದನ್ನು ನಿಲ್ಲಿಸಬೇಡ ಅಂದರಂತೆ ನರ್ಸಮ್ಮ. ಇವತ್ತು ಬೆಳಿಗ್ಗೆ ಅವನೇ, "ಅಕ್ಕನಿಗೆ ನೀನೇ ತಿಳಿಸಮ್ಮ, ನನಗೆ ನಾಚಿಕೆ" ಅಂದ. ಅದಕ್ಕೇ ಈ ಕಾಗದ. ಆ ಪುಣ್ಯಾತ್ಗಿತ್ತಿ ನರ್ಸಮ್ಮನಿಗೆ, ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟ ಆ ಜನಕ್ಕೆ ಯಾವ ಬಾಯಲ್ಲಿ ಉಪಕಾರ ಹೇಳಲಿ?

ಹೊಟ್ಟೆ ತುಂಬ ಉಂಡು ಬರೆಯುತ್ತಿರುವ
ನಿನ್ನ ಅಮ್ಮ

ಮರೆಯುವ ಮುಂಚೆ: ನಿನ್ನೆ ಎಲ್ಲರೂ ಹೋದಮೇಲೆ ನರ್ಸಮ್ಮ ಬ್ಯಾಗು ಹೆಗಲಿಗೇರಿಸುತ್ತಾ, "ನೀವು ನಿದ್ದೆ ಮಾಡ್ತೀರಾ ಅಮ್ಮಾ?" ಎಂದು ಕೇಳಿದರು. ನಿಮ್ಮಪ್ಪ ಹೋದಮೇಲೆ ಇದನ್ನು ಯಾರೂ ಕೇಳಿರಲಿಲ್ಲ. ಅವರ ಬಸ್ಸು ಬಂದು ಹೋಯಿತು. ಅವರು ಬ್ಯಾಗು ಕೆಳಗಿಟ್ಟು ಕೂತರು. ನಾನಿನ್ನೂ ಮಾತಾಡುತ್ತಲೇ ಇದ್ದೆ.